ಥಯೋನಿಲ್ ಕ್ಲೋರೈಡ್ ಚೆಲ್ಲಿದರೆ ನೀರು ಹಾಕಬೇಕಾ, ಹಾಕಬಾರದಾ?

ಹೊಸ ಟ್ರೇನಿ

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಮುಗಿಸಿ ಎರಡು ತಿಂಗಳ ಹಿಂದೆ ಕಲ್ಯಾಣ ಕರ್ನಾಟಕದ ಒಂದು ಬಲ್ಕ್ ಡ್ರಗ್ (ಔಷಧದ ಮೂಲ ಪದಾರ್ಥ) ಕಾರ್ಖಾನೆಗೆ ಪ್ರೊಡಕ್ಷನ್ ಟ್ರೇನಿ ಆಗಿ ಸೇರಿದ್ದೇನೆ. ಕಂಪನಿ ಹೆಸರು ಬೇಡ, ಕೆಲಸ ಇನ್ನೂ ಕನ್ಫರ್ಮ್ ಆಗಿಲ್ಲ.

ಹೋದ ವಾರ ನಮ್ಮ ಬ್ಲಾಕಿನಲ್ಲಿ ಥಯೋನಿಲ್ ಕ್ಲೋರೈಡ್ (ಔಷಧ ತಯಾರಿಕೆಯಲ್ಲಿ ಬಳಸುವ ಒಂದು ದ್ರವ ರಾಸಾಯನಿಕ) ಚಾರ್ಜಿಂಗ್, ಅಂದರೆ ರಿಯಾಕ್ಟರಿಗೆ ತುಂಬುವ ಕೆಲಸ, ಇತ್ತು. ಡ್ರಮ್ಮಿನಿಂದ ಪೈಪ್ ಬಿಚ್ಚುವಾಗ ಒಂದರ್ಧ ಮಗ್ಗಿನಷ್ಟು ನೆಲಕ್ಕೆ ಚೆಲ್ಲಿತು. ಹೌಸ್‌ಕೀಪಿಂಗ್ ಅಣ್ಣ ಅಭ್ಯಾಸಬಲದಲ್ಲಿ ಒದ್ದೆ ಮಾಪ್ ತಂದು ಒರೆಸಲು ಹೋದರು. ಚುಸ್ ಅಂತ ಶಬ್ದ, ಬಿಳಿ ಹೊಗೆ, ಮೂಗು ಗಂಟಲು ಉರಿ, ಎಲ್ಲರೂ ಕೆಮ್ಮುತ್ತಾ ಹೊರಗೆ ಓಡಿದೆವು. ಶಿಫ್ಟ್ ಇನ್‌ಚಾರ್ಜ್ ಕೂಗಾಡಿದರು, "ಅದಕ್ಕೆ ನೀರು ತೋರಿಸಬಾರದು ಅಂತ ಎಷ್ಟು ಸಲ ಹೇಳಬೇಕು" ಅಂತ.

ಸರಿ, ಪಾಠ ಕಲಿತೆ ಅಂದುಕೊಂಡೆ. ಎರಡು ದಿನ ಬಿಟ್ಟು ಸೇಫ್ಟಿ ಟ್ರೇನಿಂಗ್ ಆಯಿತು. ಅಲ್ಲಿ ಹೇಳಿದ್ದು, ಥಯೋನಿಲ್ ಮೈಮೇಲೆ ಬಿದ್ದರೆ ತಕ್ಷಣ ಶವರ್ ಕೆಳಗೆ ಹೋಗಿ 15 ನಿಮಿಷ ನಿಲ್ಲಬೇಕಂತೆ. ನೀರಿನಲ್ಲಿ! ನೆಲಕ್ಕೆ ನೀರು ತಾಗಿಸಿದರೆ ಹೊಗೆ ಬರುವ ವಸ್ತುವಿಗೆ ಚರ್ಮದ ಮೇಲೆ ನೀರು ಹೇಗೆ ಸರಿ? ಕೇಳಿದೆ. ಹಿಂದೆ ಕೂತವರು ನಕ್ಕರು, ಟ್ರೇನಿಂಗ್ ಕೊಡುವವರು "ಎಂಎಸ್‌ಡಿಎಸ್ ಓದಿ" ಅಂದರು. ಓದಿದೆ. ವಸ್ತುವಿನ ಸುರಕ್ಷತಾ ಮಾಹಿತಿ ಕಾಗದ ಅದು, 12 ಪುಟ ಇಂಗ್ಲಿಷ್, ಎರಡೂ ಮಾತು ಅದರಲ್ಲೇ ಇವೆ, ಕಾರಣ ಎಲ್ಲೂ ಇಲ್ಲ.

ಇಷ್ಟು ತೊಂದರೆಯ ವಸ್ತುವನ್ನು ಯಾಕಾದರೂ ಬಳಸುತ್ತಾರೆ ಅನ್ನುವುದನ್ನೂ ಗೊತ್ತಿದ್ದವರು ಹೇಳಿ. ಕಾಲೇಜಿನಲ್ಲಿ ಒಂದು ಸಾಲಿನ ಸಮೀಕರಣ ಬರೆದು ಮಾರ್ಕ್ಸ್ ತಗೊಂಡಿದ್ದೆ, ಅಷ್ಟೇ.

ರಾತ್ರಿಪಾಳಿ

ತಮ್ಮಾ, ನಕ್ಕವರನ್ನು ಬಿಡು, ಅವರಿಗೂ ಉತ್ತರ ಗೊತ್ತಿರುವುದಿಲ್ಲ. 18 ವರ್ಷದಿಂದ ಪ್ಲಾಂಟ್‌ಗಳಲ್ಲಿದ್ದೇನೆ. ಬೀದರ್ ಕಡೆ ಸ್ವಲ್ಪ ದಿನ, ಹೈದರಾಬಾದ್ ಸುತ್ತಮುತ್ತ, ಮೂರು ವರ್ಷ ಅಂಕಲೇಶ್ವರ. ಎಲ್ಲ ಕಡೆ ಇದೇ ಗೊಂದಲ ನೋಡಿದ್ದೇನೆ.

ಇಲ್ಲಿ ವಿಷಯ ನೀರು ಹಾಕಬೇಕೋ ಬೇಡವೋ ಅನ್ನುವುದಲ್ಲ, ಯಾವುದು ಎಷ್ಟಿದೆ ಅನ್ನುವುದು. ಲೆಕ್ಕ ನೋಡು. 1 ಲೀಟರ್ ಥಯೋನಿಲ್ ತೂಕ ಸುಮಾರು 1.64 ಕಿಲೋ. ಅದು ಪೂರ್ತಿ ಒಡೆಯಲು ಬೇಕಾದ ನೀರು ಬರೀ ಕಾಲು ಲೀಟರ್. ಒಡೆದಾಗ ಒಂದು ಪಾಲು ಸಲ್ಫರ್ ಡೈಆಕ್ಸೈಡ್, ಎರಡು ಪಾಲು ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಎರಡೂ ಅನಿಲ. ಎಲ್ಲವೂ ಗಾಳಿಗೆ ಬಂದರೆ ಹೆಚ್ಚುಕಡಿಮೆ 1000 ಲೀಟರ್ ಆಗುತ್ತದೆ. ಒಂದು ಲೀಟರಿನಿಂದ ಸಾವಿರ ಲೀಟರ್! ನಿನ್ನ ಅರ್ಧ ಮಗ್ಗು ಒಂದು ಸಣ್ಣ ರೂಮು ತುಂಬಿಸಲು ಯಾಕೆ ಸಾಕಾಯಿತು ಅಂತ ಈಗ ಗೊತ್ತಾಯಿತಾ.

ಒದ್ದೆ ಮಾಪ್ ಇದೆಯಲ್ಲ, ಅದು ಅತ್ಯಂತ ಕೆಟ್ಟ ಅಳತೆ. ಥಯೋನಿಲ್ ಒಡೆಯುವಷ್ಟು ನೀರು ಅದರಲ್ಲಿದೆ, ಹುಟ್ಟಿದ ಅನಿಲವನ್ನು ಕರಗಿಸಿ ಹಿಡಿದಿಟ್ಟುಕೊಳ್ಳುವಷ್ಟು ಇಲ್ಲ. ಹಾಗಾಗಿ ಎಲ್ಲವೂ ನಿಮ್ಮ ಮೂಗಿಗೆ ಬಂತು.

ಶವರ್ ಲೆಕ್ಕವೇ ಬೇರೆ. ಮೈಮೇಲೆ ಬಿದ್ದಿದ್ದು ಎರಡು ಚಮಚ, ಮೇಲಿಂದ ಬೀಳುವ ನೀರು ನಿಮಿಷಕ್ಕೆ ಬಕೆಟ್‌ಗಟ್ಟಲೆ. ಹೈಡ್ರೋಜನ್ ಕ್ಲೋರೈಡ್‌ಗೆ ನೀರಿನ ದಾಹ ಜಾಸ್ತಿ, 1 ಲೀಟರ್ ನೀರು 400 ಲೀಟರಿಗೂ ಮೀರಿ ಆ ಅನಿಲವನ್ನು ಕುಡಿದುಬಿಡುತ್ತದೆ. ಬಿಸಿ ಆಗಲೂ ಬಿಡದೆ, ಆಸಿಡ್ ಗಟ್ಟಿಯಾಗಲೂ ಬಿಡದೆ ತೊಳೆದುಕೊಂಡು ಹೋಗುತ್ತದೆ. ಇನ್ನೊಂದು ಮಾತು. ನೀನು ನೀರು ಹಾಕದಿದ್ದರೆ ಅದು ಸುಮ್ನೆ ಇರುತ್ತದಾ? ನಿನ್ನ ಚರ್ಮದಲ್ಲಿ, ಬೆವರಿನಲ್ಲಿ, ಕಣ್ಣಿನಲ್ಲಿ ಇರುವ ನೀರನ್ನೇ ಹುಡುಕಿಕೊಳ್ಳುತ್ತದೆ. ಅದಕ್ಕೆ ಕೊಡುವುದಾದರೆ ಶವರಿನ ನೀರು ಕೊಡು, ನಿನ್ನ ಮೈಯಿನದು ಬೇಡ.

ನೆಲಕ್ಕೆ ಚೆಲ್ಲಿದರೆ ಒಣ ಮರಳು. ಮೊದಲು ಮಂದಿಯನ್ನು ಗಾಳಿ ಬರುವ ದಿಕ್ಕಿಗೆ ಕಳಿಸು, ಆಮೇಲೆ ಸರಿಯಾದ ಮಾಸ್ಕ್ ಹಾಕಿದವರು ಸುತ್ತ ಮರಳಿನ ಕಟ್ಟೆ ಕಟ್ಟಿ ಮೇಲೆ ಮುಚ್ಚಬೇಕು. ಮೋರಿಗೆ ಹೋಗಲು ಬಿಡಬಾರದು, ಅಲ್ಲಿ ನೀರು ಕಾಯುತ್ತಿರುತ್ತದೆ. ದೊಡ್ಡ ಲೀಕ್ ಆದರೆ ಫೈರ್‌ನವರು ದೂರದಿಂದ ಮಂಜಿನ ಹಾಗೆ ನೀರು ಸಿಂಪಡಿಸಿ ಹೊಗೆಯನ್ನು ಕೆಳಗೆ ತರುತ್ತಾರೆ. ಅದು ಹೊಗೆಗೆ ಮಾತ್ರ, ದ್ರವದ ಮೇಲೆ ಬೀಳಬಾರದು. ನೋಡಿದವರು "ಅವರು ನೀರು ಹೊಡೆದರಲ್ಲ" ಅಂತ ತಾವೂ ಬಕೆಟ್ ತರುತ್ತಾರೆ, ಅಲ್ಲಿಗೆ ಮುಗಿಯಿತು.

ಬೋರ್ಡು ಡಸ್ಟರ್

ರಾತ್ರಿಪಾಳಿಯವರ ಲೆಕ್ಕ ಸರಿಯಾಗಿದೆ, ನಾನೂ ಒಮ್ಮೆ ಮಾಡಿ ನೋಡಿದೆ. ನಾನು ಕೆಮಿಸ್ಟ್ರಿ ಪಾಠ ಹೇಳುವವನು, ಆ ಒಂದು ಸಾಲಿನ ಸಮೀಕರಣದ ಪಾಪ ನನ್ನಂಥವರದ್ದೇ. ಹಾಗಾಗಿ ಯಾಕೆ ಬಳಸುತ್ತಾರೆ ಅನ್ನುವುದಕ್ಕೆ ನಾನು ಉತ್ತರ ಕೊಡುತ್ತೇನೆ.

ಸಾವಯವ ರಸಾಯನಶಾಸ್ತ್ರದಲ್ಲಿ ಎರಡು ತುಂಡು ಜೋಡಿಸಬೇಕಾದರೆ ಒಂದು ತುಂಡಿನ ಮೇಲೆ ಸುಲಭವಾಗಿ ಕಳಚಿಕೊಳ್ಳುವ ಹಿಡಿಕೆ ಬೇಕು. ಆಲ್ಕೋಹಾಲ್ ಅಥವಾ ಕಾರ್ಬಾಕ್ಸಿಲಿಕ್ ಆಸಿಡ್‌ನಲ್ಲಿರುವ ಹೈಡ್ರಾಕ್ಸಿಲ್ ಗುಂಪು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಅದನ್ನು ಕಿತ್ತು ಆ ಜಾಗದಲ್ಲಿ ಕ್ಲೋರಿನ್ ಕೂರಿಸುವುದು ಥಯೋನಿಲ್ ಕೆಲಸ. ಈ ಕೆಲಸ ಮಾಡುವ ಬೇರೆಯವೂ ಇವೆ, ಫಾಸ್ಫರಸ್‌ನ ಕ್ಲೋರೈಡುಗಳು. ಆದರೆ ಅವು ಕೆಲಸ ಮುಗಿದ ಮೇಲೆ ಪಾತ್ರೆಯಲ್ಲಿ ಫಾಸ್ಫರಸ್‌ನ ಕಸ ಉಳಿಸುತ್ತವೆ. ಥಯೋನಿಲ್ ಹಾಗಲ್ಲ. ಅದರ ಕಸ ಎರಡೂ ಅನಿಲ, ತಾವೇ ಎದ್ದು ಹೋಗುತ್ತವೆ. ಉಳಿದ ಥಯೋನಿಲ್ ಸುಮಾರು 75 ಡಿಗ್ರಿಗೆ ಕುದಿಯುತ್ತದೆ, ಭಟ್ಟಿ ಇಳಿಸಿ ತೆಗೆದರೆ ಪಾತ್ರೆಯಲ್ಲಿ ಬೇಕಾದದ್ದು ಮಾತ್ರ. ಅಂದರೆ ನಿಮ್ಮನ್ನು ಹೊರಗೆ ಓಡಿಸಿದ ಆ ಗುಣಕ್ಕೇ ಕೆಮಿಸ್ಟ್‌ಗಳು ಅದನ್ನು ಮೆಚ್ಚುವುದು. ಎದ್ದು ಹೋಗುವ ಅನಿಲ ಎಲ್ಲಿಗೆ ಹೋಗುತ್ತದೆ ಅನ್ನುವುದು ಬೋರ್ಡಿನ ಮೇಲೆ ಒಂದು ಮೇಲ್ಮುಖ ಬಾಣ, ನಿಮ್ಮ ಪ್ಲಾಂಟಿನಲ್ಲಿ ಅದು ಅನಿಲವನ್ನು ದ್ರಾವಣದಲ್ಲಿ ತೊಳೆದು ಹಿಡಿಯುವ ಒಂದು ಸ್ಕ್ರಬ್ಬರ್.

ಉದಾಹರಣೆ ಬೇಕಾದರೆ ಮನೆಯ ಔಷಧದ ಡಬ್ಬಿ ನೋಡಿ. ಗ್ಯಾಸ್ಟ್ರಿಕ್ ಅಂತ ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಇವೆಯಲ್ಲ, ಅವುಗಳ ಪಿರಿಡಿನ್ ತುಂಡನ್ನು ಸಾಮಾನ್ಯವಾಗಿ ಥಯೋನಿಲ್‌ನಿಂದಲೇ ಕ್ಲೋರೋಮೀಥೈಲ್ ರೂಪಕ್ಕೆ ತರುತ್ತಾರೆ, ಆಮೇಲೆ ಇನ್ನೊಂದು ತುಂಡಿನ ಗಂಧಕಕ್ಕೆ ಅಂಟಿಸುತ್ತಾರೆ. ಮಾತ್ರೆಯಲ್ಲಿ ಥಯೋನಿಲ್ ಉಳಿದಿರುವುದಿಲ್ಲ, ಹೆದರಬೇಡಿ. ರೀಏಜೆಂಟ್ ಅಂದರೆ ಮದುವೆ ದಲ್ಲಾಳಿಯ ಹಾಗೆ, ಮದುವೆ ಫೋಟೋದಲ್ಲಿ ಇರುವುದಿಲ್ಲ.

ಹೊಸದಾಗಿದ್ದಾಗ ಬಣ್ಣವಿಲ್ಲ, ಹಳೆಯದಾದರೆ ಹಳದಿ ತಿರುಗುತ್ತದೆ. ಆವಿ ಗಾಳಿಗಿಂತ ನಾಲ್ಕು ಪಟ್ಟು ಭಾರ, ನೆಲ ಹಿಡಿದು ಹರಿಯುತ್ತದೆ, ಗುಂಡಿಯಲ್ಲಿ ಕೂರುತ್ತದೆ. 140 ಡಿಗ್ರಿ ದಾಟಿಸಿದರೆ ತಾನೇ ಒಡೆದು ಕ್ಲೋರಿನ್ ಬಿಡಲು ಶುರು ಮಾಡುತ್ತದೆ. ಹಾಗೆಯೇ, ಈ ರಿಯಾಕ್ಷನ್ ಬೇಗ ಆಗಲಿ ಅಂತ ಒಂದೆರಡು ಹನಿ ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್ ಅನ್ನುವ ದ್ರಾವಕ) ಹಾಕುವ ರೂಢಿ ಇದೆ. ಹಾಗೆ ಮಾಡಿದಾಗ ಡೈಮೀಥೈಲ್ ಕಾರ್ಬಮಾಯ್ಲ್ ಕ್ಲೋರೈಡ್ ಅನ್ನುವ, ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವುದು ಸಾಬೀತಾಗಿರುವ ಪದಾರ್ಥ ಸ್ವಲ್ಪ ಹುಟ್ಟಬಹುದು. ನಿಮ್ಮ ಬ್ಯಾಚ್ ಶೀಟಿನಲ್ಲಿ ಡಿಎಂಎಫ್ ಇದ್ದರೆ ಈ ಪ್ರಶ್ನೆ ಕೇಳಿ.

ಹೊಸ ಟ್ರೇನಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಾಲು ಲೀಟರ್ ಲೆಕ್ಕ ನೋಡಿ ತಲೆ ತಿರುಗಿತು. ಡಿಎಂಎಫ್ ಇದೆ ಸರ್ ನಮ್ಮ ಶೀಟಿನಲ್ಲಿ. ನಾಳೆ ಕೇಳುತ್ತೇನೆ.

ಇನ್ನೊಂದು. ನಮಗೆ ಕೊಡುವುದು ಬಿಳಿ ಕಪ್ ಮಾಸ್ಕ್ ಮತ್ತು ನೀಲಿ ತೆಳು ಗ್ಲೌಸ್. ಸಾಕಾ? ಮಳೆಗಾಲ ಬಂದಿದೆ, ಗಾಳಿಯ ತೇವಕ್ಕೂ ಹೊಗೆ ಬರುತ್ತದಾ?

ರಾತ್ರಿಪಾಳಿ

ಸಾಲದು. ಕಪ್ ಮಾಸ್ಕ್ ಧೂಳಿಗೆ, ಅನಿಲಕ್ಕೆ ಅದು ಇದ್ದೂ ಇಲ್ಲದ ಹಾಗೆ. ಚಾರ್ಜಿಂಗ್‌ಗೆ ಮುಖ ಪೂರ್ತಿ ಮುಚ್ಚುವ, ಆಸಿಡ್ ಗ್ಯಾಸ್‌ಗೆಂದೇ ಇರುವ ಕಾರ್ಟ್ರಿಡ್ಜ್ ಮಾಸ್ಕ್ ಕನಿಷ್ಠ ಬೇಕು, ಅದರ ಡೇಟ್ ನೋಡಬೇಕು. ಲೀಕ್ ಆದ ಜಾಗಕ್ಕೆ ಹೋಗುವವರಿಗೆ ಏರ್‌ಲೈನ್ (ಪೈಪಿನಲ್ಲಿ ಶುದ್ಧ ಗಾಳಿ) ಅಥವಾ ಬೆನ್ನಿಗೆ ಗಾಳಿ ಸಿಲಿಂಡರ್. ಅಮೆರಿಕದ ಕೆಲಸಗಾರರ ಸುರಕ್ಷತಾ ಸಂಸ್ಥೆ ನಯಾಶ್ (NIOSH) ಹೇಳುವ ಮಿತಿ 1 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿಗೆ ಒಂದು ಪಾಲು, ಅದೂ ದಿನದ ಸರಾಸರಿ ಅಲ್ಲ, ಯಾವ ಕ್ಷಣಕ್ಕೂ ದಾಟಬಾರದ ಮಿತಿ. ನೀಲಿ ಗ್ಲೌಸನ್ನು ನಂಬಬೇಡ, ಅದು ಸ್ಯಾಂಪಲ್ ಲೇಬಲ್ ಬರೆಯಲು ಸರಿ.

ಮಳೆಗಾಲ ಕೇಳಿದೆಯಲ್ಲ, ಹೌದು, ಡ್ರಮ್ ಬುಚ್ಚು ತೆಗೆದರೆ ಸಾಕು ಹೊಗೆಯಾಡುತ್ತದೆ. ಅರ್ಧ ಬಳಸಿದ ಡ್ರಮ್ಮನ್ನು ಸಡಿಲ ಮುಚ್ಚಿ ಇಟ್ಟರೆ ತೇವ ಒಳಗೆ ಹೋಗಿ ಒಳಗೇ ಅನಿಲ ಹುಟ್ಟಿ ಡ್ರಮ್ ಹೊಟ್ಟೆ ಉಬ್ಬಿಸಿಕೊಂಡು ಕೂತಿರುತ್ತದೆ. ಅಂಥದ್ದನ್ನು ಯಾರೋ ಬಂದು ಒಂದೇ ಸಲಕ್ಕೆ ತಿರುಗಿಸಿ ತೆಗೆಯುತ್ತಾರೆ. ನೀನು ತೆಗೆಯಬೇಡ, ಕರೆದು ತೋರಿಸು. ಬಳಸಿ ಉಳಿದಿದ್ದಕ್ಕೆ ನೈಟ್ರೋಜನ್ ಕೊಟ್ಟು ಮುಚ್ಚಬೇಕು. ಇನ್ನು ಥಯೋನಿಲ್ ಇರುವ ಬ್ಲಾಕಿನಲ್ಲಿ ಬೀಗದ ಕೈ, ಬೆಲ್ಟಿನ ಬಕಲ್, ಟಾಯ್ಲೆಟ್ ಚಿಲಕ ಎಲ್ಲವೂ ತುಕ್ಕು ಹಿಡಿಯುತ್ತವೆ. ಅದನ್ನು ನೋಡಿ ನಗುತ್ತಾರೆ, ಅದೇ ಗಾಳಿಯನ್ನು ಉಸಿರಾಡುತ್ತಿದ್ದೇವೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಈಗ ಒಂದು ಘಟನೆ ಹೇಳುತ್ತೇನೆ, ಎಲ್ಲಿ ಅಂತ ಕೇಳಬೇಡ. ಬ್ಯಾಚ್ ಮುಗಿದು ಭಟ್ಟಿ ಇಳಿಸಿದ ಥಯೋನಿಲ್ ಸ್ವಲ್ಪ ಹಾಳಾಗಿತ್ತು. ಅದನ್ನು ಕೊಲ್ಲಬೇಕಿತ್ತು, ಅಂದರೆ ಕ್ವೆಂಚ್ ಮಾಡಿ ಒಡೆದು ಹಾಕಬೇಕಿತ್ತು. ರಿಯಾಕ್ಟರಿನಲ್ಲಿ ತಣ್ಣಗಿನ ಕಾಸ್ಟಿಕ್ (ಕ್ಷಾರ) ನೀರು, ಅದಕ್ಕೆ ಮೇಲಿಂದ ಥಯೋನಿಲ್ ನಿಧಾನಕ್ಕೆ ಹನಿಸುವುದು. ಕ್ರಮ ಸರಿಯೇ ಇತ್ತು, ನೀರಿಗೆ ಥಯೋನಿಲ್, ಉಲ್ಟಾ ಅಲ್ಲ. ಮಧ್ಯೆ ಕರೆಂಟ್ ಹೋಗಿ ಬಂತು. ಎಲ್ಲ ಶುರುವಾಯಿತು, ಒಳಗೆ ಕಲಕುವ ಅಜಿಟೇಟರ್ ಮಾತ್ರ ಟ್ರಿಪ್ ಆಗಿ ನಿಂತೇ ಇತ್ತು. ಹುಡುಗ ನೋಡಲಿಲ್ಲ, ಹನಿಸುತ್ತಲೇ ಇದ್ದ. ಟೆಂಪರೇಚರ್ ಏರಲಿಲ್ಲ, ಪ್ರೆಶರ್ ಇಲ್ಲ, ಅವನಿಗೆ ಖುಷಿ, ಇವತ್ತು ಎಷ್ಟು ಸಲೀಸಾಗಿ ಹೋಗುತ್ತಿದೆ ಅಂತ. ಥಯೋನಿಲ್ ನೀರಿಗಿಂತ ಭಾರ ಅಲ್ವಾ. ತಳದಲ್ಲಿ ಪದರವಾಗಿ ಕೂತಿತ್ತು. ಮುಕ್ಕಾಲು ಗಂಟೆ ಆದ ಮೇಲೆ ಯಾರೋ ಅಜಿಟೇಟರ್ ನಿಂತಿದ್ದು ನೋಡಿ ಓಡಿ ಹೋಗಿ ಸ್ವಿಚ್ ಹಾಕಿದರು. ಒಳ್ಳೆಯದಕ್ಕೇ ಮಾಡಿದ್ದು. ಕೂತಿದ್ದದ್ದೆಲ್ಲ ಒಟ್ಟಿಗೇ ಕಲೆಯಿತು. ಮ್ಯಾನ್‌ಹೋಲ್ ಗ್ಯಾಸ್ಕೆಟ್ ಹಾರಿತು, ಬ್ಲಾಕ್ ಪೂರ್ತಿ ಬೆಳ್ಳಗೆ. ಇಬ್ಬರು ಆಸ್ಪತ್ರೆ ಸೇರಿದರು, ಪುಣ್ಯಕ್ಕೆ ಉಳಿದರು. ಆವತ್ತಿನಿಂದ ನಾನು ಪ್ಯಾನಲ್ ದೀಪ ನಂಬುವುದಿಲ್ಲ, ಶಾಫ್ಟ್ ತಿರುಗುತ್ತಿದೆಯಾ ಅಂತ ಕಣ್ಣಿನಿಂದ ನೋಡುತ್ತೇನೆ. ನಿಂತಿದ್ದು ಕಂಡರೆ ಮೊದಲು ಫೀಡ್ ಬಂದ್, ಆಮೇಲೆ ಸೀನಿಯರ್‌ಗೆ ಫೋನ್. ಸ್ವಿಚ್‌ಗೆ ಕೈ ಹಾಕಬೇಡ.

ಸ್ಕ್ರಬ್ಬರ್ ಬಗ್ಗೆಯೂ ಒಂದು ಮಾತು. ಹೈಡ್ರೋಜನ್ ಕ್ಲೋರೈಡ್ ಕಾಸ್ಟಿಕ್‌ನಲ್ಲಿ ಎಷ್ಟು ಬೇಗ ಕರಗುತ್ತದೆ ಅಂದರೆ ಲೈನಿನಲ್ಲಿ ಖಾಲಿ (ವ್ಯಾಕ್ಯೂಮ್) ಹುಟ್ಟಿ ಸ್ಕ್ರಬ್ಬರ್ ನೀರು ಹಿಂದಕ್ಕೆ ರಿಯಾಕ್ಟರ್ ಕಡೆ ಎಳೆದುಕೊಂಡು ಬರಬಹುದು. ರಿಯಾಕ್ಟರಿನಲ್ಲಿ ಥಯೋನಿಲ್ ಇದೆ. ಮುಂದಿನದು ನೀನೇ ಊಹಿಸು. ಅದಕ್ಕೇ ಮಧ್ಯೆ ಒಂದು ಖಾಲಿ ಟ್ರ್ಯಾಪ್ ಪಾತ್ರೆ ಇರುತ್ತದೆ. ಅದು ನಿಜವಾಗಿಯೂ ಖಾಲಿಯಾ ಅಂತ ಪ್ರತಿ ಶಿಫ್ಟ್ ನೋಡು. ಪೈಪ್ ಜೋಡಿಸುವ ಫ್ಲೇಂಜ್‌ನಲ್ಲಿ ಸಣ್ಣ ಲೀಕ್ ಅನುಮಾನ ಇದ್ದರೆ ಅಮೋನಿಯಾ ದ್ರಾವಣದ ಬಾಟಲಿ ಹತ್ತಿರ ಹಿಡಿದರೆ ಬಿಳಿ ಹೊಗೆ ಕಾಣುತ್ತದೆ, ಮೂಗು ಹಚ್ಚಿ ನೋಡುವ ಶೂರರ ಜೊತೆ ಸೇರಬೇಡ.

ಒಎಚ್‌ಸಿ ಸಿಸ್ಟರ್

ನಾನು ಕಾರ್ಖಾನೆಯ ಹೆಲ್ತ್ ಸೆಂಟರಿನಲ್ಲಿ ನರ್ಸ್. ಮೇಲಿನವರು ಹೇಳದ ಒಂದು ವಿಷಯ ಇದೆ, ಅದನ್ನು ಹೇಳಲೇಬೇಕು. ಇಂಥ ಹೊಗೆ ಕುಡಿದವರು ಅರ್ಧ ಗಂಟೆ ಕೆಮ್ಮಿ, ನೀರು ಕುಡಿದು, "ಈಗ ಆರಾಮಿದ್ದೀನಿ ಸಿಸ್ಟರ್" ಅಂತ ಬಸ್ ಹತ್ತಿ ಮನೆಗೆ ಹೋಗುತ್ತಾರೆ. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ಕಳೆದ ಮೇಲೆ ಶುರುವಾಗಬಹುದು. ರಾತ್ರಿ ಮಲಗಿದಾಗ ಉಸಿರು ಕಟ್ಟುತ್ತದೆ, ಹಳ್ಳಿಯಲ್ಲಿ ಹತ್ತಿರ ಆಸ್ಪತ್ರೆ ಇರುವುದಿಲ್ಲ. ಜಾಸ್ತಿ ಹೊಗೆ ಕುಡಿದವರನ್ನು 24ರಿಂದ 48 ಗಂಟೆ ವೈದ್ಯರ ಕಣ್ಣಳತೆಯಲ್ಲಿ ಇಡಬೇಕು ಅನ್ನುವುದು ಅದಕ್ಕೇ. ಓಡಾಡಿಸಬೇಡಿ, ಕೂರಿಸಿ.

ಹೊಸ ಟ್ರೇನಿ, ಆ ದಿನ ಮಾಪ್ ಹಿಡಿದಿದ್ದ ಅಣ್ಣನನ್ನು ಡಾಕ್ಟರ್ ನೋಡಿದರಾ? ಗುತ್ತಿಗೆಯವರನ್ನು ಯಾರೂ ಕೇಳುವುದಿಲ್ಲ, ಅದಕ್ಕೆ ಕೇಳಿದೆ. ಒಂದು ವಾರ ಆಗಿದ್ದರೂ ಕೆಮ್ಮು, ಏದುಸಿರು ಇದ್ದರೆ ಈಗಲೂ ತೋರಿಸಲಿ.

ಮೈಮೇಲೆ ಬಿದ್ದರೆ ಶವರ್ ಕೆಳಗೆ ನಿಂತುಕೊಂಡೇ ಬಟ್ಟೆ ಬಿಚ್ಚಬೇಕು. ನಾಚಿಕೆ ಆಮೇಲೆ. ಶೂ ಒಳಗೆ ಇಳಿದಿರುತ್ತದೆ, ಅದನ್ನೂ ತೆಗೆಯಿರಿ. ಆಸಿಡ್ ಅಲ್ವಾ ಅಂತ ಸೋಡಾ, ಸುಣ್ಣ ಹಚ್ಚಬೇಡಿ, ಬರೀ ನೀರು. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ. ಗಡಿಯಾರ ನೋಡಿ, ನೋವಿನಲ್ಲಿ ಎರಡು ನಿಮಿಷವೇ 15 ಅನಿಸುತ್ತದೆ. ಆಸ್ಪತ್ರೆಗೆ ಹೋಗುವಾಗ ಎಂಎಸ್‌ಡಿಎಸ್ ಕಾಗದ ಜೊತೆಗೆ ಕಳಿಸಿ. "ಯಾವುದೋ ಕೆಮಿಕಲ್" ಅಂದರೆ ಅಲ್ಲಿಯ ಡಾಕ್ಟರ್ ಏನು ಮಾಡಬೇಕು?

ಮೀಟರ್ ಸುಬ್ಬು

ನಾನು ಬೇರೆ ಲೋಕದವನು, ಮೀಟರ್ ರಿಪೇರಿ. ಈ ಹೆಸರು ನೋಡಿ ಬಂದೆ. ನೀರಿನ ಮೀಟರ್, ಗ್ಯಾಸ್ ಮೀಟರ್, ಕೆಲವು ಕರೆಂಟ್ ಮೀಟರ್ ಒಳಗೆ ಪೆನ್ ಸೆಲ್‌ನಂತೆ ಕಾಣುವ 3.6 ವೋಲ್ಟಿನ ಬ್ಯಾಟರಿ ಇರುತ್ತದೆ, ಹತ್ತು ವರ್ಷಕ್ಕೂ ಜಾಸ್ತಿ ಬಾಳುತ್ತದೆ. ಅದು ಲಿಥಿಯಂ ಥಯೋನಿಲ್ ಕ್ಲೋರೈಡ್. ಅದೇ ಥಯೋನಿಲ್ಲಾ ಇದು?

ಬೋರ್ಡು ಡಸ್ಟರ್

ಅದೇ. ನೀರಿಲ್ಲದೆ ಮೊಹರು ಮಾಡಿದ ಡಬ್ಬಿಯಲ್ಲಿ ಅದು ಅಷ್ಟು ವರ್ಷ ತಣ್ಣಗೆ ಕೂತಿರುತ್ತದೆ. ಲಿಥಿಯಂ ಮೇಲೆ ಲಿಥಿಯಂ ಕ್ಲೋರೈಡ್‌ನ ತೆಳು ಪೊರೆ ಕಟ್ಟುತ್ತದೆ, ಆ ಪೊರೆಯೇ ಬ್ಯಾಟರಿ ಸುಮ್ನೆ ಕರಗಿ ಹೋಗದ ಹಾಗೆ ಕಾಯುತ್ತದೆ. ಬಹಳ ದಿನ ಇಟ್ಟ ಬ್ಯಾಟರಿ ಮೊದಲ ಕ್ಷಣಕ್ಕೆ ವೋಲ್ಟೇಜ್ ಕಡಿಮೆ ತೋರಿಸಿ ಆಮೇಲೆ ಏರುವುದನ್ನು ನೀವು ನೋಡಿರುತ್ತೀರಿ, ಆ ಪೊರೆ ಒಡೆಯುವ ಹೊತ್ತು ಅದು. ಚಾರ್ಜ್ ಮಾಡಬೇಡಿ, ಬ್ಯಾಟರಿಯ ಮೈಗೆ ನೇರ ಬೆಸುಗೆ ಹಾಕಬೇಡಿ, ಬೆಂಕಿಗೆ ಎಸೆಯಬೇಡಿ. ಮಕ್ಕಳು ಒಡೆದು ನೋಡುವ ಹಾಗೆ ಗುಜರಿ ರಾಶಿಯಲ್ಲಿ ಬಿಡಬೇಡಿ.

ಮೀಟರ್ ಸುಬ್ಬು

ಬೆಸುಗೆ ಹಾಕಿದ್ದೇನೆ ಸರ್, ಎಷ್ಟೋ ಸಲ. ಇನ್ನು ಬೆಸುಗೆ ಹಾಕಲೆಂದೇ ಕಿವಿ ತಂತಿ ಇರುವ ಬ್ಯಾಟರಿಯನ್ನೇ ತರಿಸುತ್ತೇನೆ.

ಬೆಳ್ತಂಗಡಿಯವ

ಎಲ್ಲರೂ ಔಷಧ, ಬ್ಯಾಟರಿ ಅನ್ನುತ್ತಿದ್ದೀರಿ. ಎಂಡೋಸಲ್ಫಾನ್ ಕೀಟನಾಶಕದ ತಯಾರಿಕೆಯಲ್ಲೂ ಇದೇ ಥಯೋನಿಲ್ ಬಳಸುತ್ತಿದ್ದರು ಅಂತ ಓದಿದ್ದೆ, ನಿಜವಾ? ನಮ್ಮ ಕಡೆ ಕೊಕ್ಕಡ, ಪಟ್ರಮೆ, ಆ ಕಡೆ ಕಾಸರಗೋಡು, ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದರ ನೋವು ಇನ್ನೂ ಮನೆಗಳಲ್ಲಿ ಮಲಗಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು, ಅಷ್ಟು ಹೊತ್ತಿಗೆ ಆಗಬೇಕಾದ್ದು ಆಗಿಹೋಗಿತ್ತು.

ಬೋರ್ಡು ಡಸ್ಟರ್

ನಿಜ. ಎಂಡೋಸಲ್ಫಾನ್ ಕೊನೆಯ ಹಂತದಲ್ಲಿ ಒಂದು ಡಯೋಲ್ (ಎರಡು ಹೈಡ್ರಾಕ್ಸಿಲ್ ಗುಂಪು ಇರುವ ಆಲ್ಕೋಹಾಲ್) ಜೊತೆ ಥಯೋನಿಲ್ ಕೂಡಿಸುತ್ತಿದ್ದರು. ಮೇಲೆ ನಾನು ಹೇಳಿದ ದಲ್ಲಾಳಿ ಹೋಲಿಕೆ ಅಲ್ಲಿಗೆ ಹೊಂದುವುದಿಲ್ಲ, ಥಯೋನಿಲ್‌ನ ಗಂಧಕ ಮತ್ತು ಆಮ್ಲಜನಕ ಆ ವಿಷದ ಅಣುವಿನಲ್ಲಿ ಹಾಗೆಯೇ ಉಳಿಯುತ್ತಿತ್ತು. ಕ್ಲೋರಿನ್ ಮಾತ್ರ ಹೊರಗೆ. ನಾನು ಅಷ್ಟು ಹಗುರಾಗಿ ಹೇಳಬಾರದಿತ್ತು. ಹಾಗೆಯೇ ಇದು ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ 3ನೇ ಪಟ್ಟಿಯಲ್ಲೂ ಇದೆ. 1997ರಿಂದ ಜಾರಿಯಲ್ಲಿರುವ ಒಪ್ಪಂದ ಅದು. ವರ್ಷಕ್ಕೆ 30 ಟನ್ ಮೀರಿ ತಯಾರಿಸುವ ಕಾರ್ಖಾನೆ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು. ಮಾತ್ರೆಗೂ ಬೇಕು, ಅಸ್ತ್ರದ ಕೆಲಸಕ್ಕೂ ದಾರಿ ಆಗುತ್ತದೆ, ಅದಕ್ಕೆ ಪೂರ್ತಿ ನಿಷೇಧವಿಲ್ಲ, ಕಾವಲಿದೆ.

ಹೊಸ ಟ್ರೇನಿ

ಸಿಸ್ಟರ್, ಮಾಪ್ ಅಣ್ಣನನ್ನು ಇವತ್ತು ಕೇಳಿದೆ. ಆವತ್ತು ಯಾರೂ ನೋಡಿರಲಿಲ್ಲ. ಮೆಟ್ಟಿಲು ಹತ್ತಿದರೆ ಈಗಲೂ ಕೆಮ್ಮು ಬರುತ್ತದಂತೆ. ಇನ್‌ಚಾರ್ಜ್ ಹತ್ತಿರ ಗಲಾಟೆ ಮಾಡಿ ಡಾಕ್ಟರ್ ಹತ್ತಿರ ಕಳಿಸಿದ್ದೇವೆ, ಎಕ್ಸ್‌ರೇ ಬರೆದಿದ್ದಾರೆ. ಡಿಎಂಎಫ್ ಪ್ರಶ್ನೆಗೆ "ನೋಡೋಣ" ಅಂದರು.

ಚಾರ್ಜಿಂಗ್ ಜಾಗದಲ್ಲಿ ಮಾಪ್ ತೆಗೆಸಿ ಎರಡು ಬಕೆಟ್ ಮರಳು ಇಡಿಸಿದೆವು. ಬಾಗಿಲ ಹೊರಗೆ, ಕೈಗೆ ಸಿಗುವ ಹಾಗೆ.

ರಾತ್ರಿಪಾಳಿ

ಹೊರಗೆ ಅಂದೆಯಲ್ಲ. ಬಕೆಟ್‌ಗೆ ಮುಚ್ಚಳ ಇದೆಯಾ? ನಿಮ್ಮ ಕಡೆ ನಿನ್ನೆ ಮಳೆ ಬಂತಲ್ಲ.

ಹೊಸ ಟ್ರೇನಿ

ಅಯ್ಯೋ. ಹೋಗಿ ನೋಡುತ್ತೇನೆ ಅಣ್ಣ.